ಕೋಚ್ ಕುರ್ಚಿ ಖಾಲಿಯಾದಾಗ ಹಳೇ ಆಟಗಾರನನ್ನೇ ಕರೆಯಬೇಕೇ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾರ್ಚ್ ತಿಂಗಳು ರಾಷ್ಟ್ರಮಟ್ಟದ ಕಪ್‌ಗಾಗಿ ನಡೆಯುವ ಎನ್‌ಸಿಎಎ ಟೂರ್ನಿಗೆ, ಏಪ್ರಿಲ್ ಊಹಾಪೋಹಕ್ಕೆ. ಒಂದೊಂದೇ ಕಾಲೇಜಿನಲ್ಲಿ ಹೆಡ್ ಕೋಚ್ ಜಾಗ ಖಾಲಿಯಾಗುತ್ತದೆ, ಮುಂದಿನವರು ಯಾರು ಅಂತ ಪಟ್ಟಿಗಳು ಹುಟ್ಟುತ್ತವೆ. ಪಟ್ಟಿಯಲ್ಲಿ ಎರಡು ಮೂರು ದೊಡ್ಡ ಹೆಸರು, ಸಣ್ಣ ಕಾಲೇಜಿನಲ್ಲಿ ಮಿಂಚಿದ ಒಬ್ಬ ಯುವಕ, ಜೊತೆಗೆ ತಪ್ಪದೆ ಒಬ್ಬ ಹಳೇ ಆಟಗಾರ. ಈ ಕೊನೆಯವನಿಗೆ ಮಣೆ ಹಾಕಬೇಕೇ? ಇಬ್ಬರ ವಾದ ಇಲ್ಲಿದೆ.

ಪರ: ಬೇಕು ಅಂತ ಬರುವವನೇ ಬೇಕು

2024ರ ಏಪ್ರಿಲ್‌ನಲ್ಲಿ ಕೆಂಟಕಿ ಕಾಲೇಜಿನಲ್ಲಿ ಏನಾಯಿತು ನೋಡಿ. ಓಕ್‌ಲ್ಯಾಂಡ್ ಎಂಬ ಪುಟ್ಟ ತಂಡಕ್ಕೆ ಟೂರ್ನಿಯ ಮೊದಲ ಸುತ್ತಿನಲ್ಲೇ 80-76ರಿಂದ ಸೋತು ಕೆಲವೇ ವಾರಗಳಾಗಿದ್ದವು. 15 ಸೀಸನ್ ಕೋಚ್ ಆಗಿದ್ದ ಜಾನ್ ಕ್ಯಾಲಿಪರಿ ಅರ್ಕಾನ್ಸಾ ಕಡೆ ಹೊರಟೇಬಿಟ್ಟರು. ಆ ಗಳಿಗೆಯಿಂದಲೇ ಹೆಸರುಗಳು ಶುರುವಾದವು. ಯುಕಾನ್‌ಗೆ ಸತತ ಎರಡು ಕಪ್ ಗೆದ್ದುಕೊಟ್ಟ ಡ್ಯಾನ್ ಹರ್ಲಿ, ಬೇಲರ್‌ನ ಸ್ಕಾಟ್ ಡ್ರೂ, ಎನ್‌ಬಿಎ ಎಂಬ ವೃತ್ತಿಪರ ಲೀಗ್‌ನಲ್ಲಿದ್ದ ಬಿಲ್ಲಿ ಡೊನೊವನ್.

ಹೆಸರು ತೇಲಿಬಿಡೋಕೆ ಕಾಸು ಖರ್ಚಿಲ್ಲ. ಕೋಚ್‌ಗಳ ಏಜೆಂಟರಿಗೂ ಇದರಿಂದ ಲಾಭವೇ. ದೊಡ್ಡ ಕಾಲೇಜಿನ ಪಟ್ಟಿಯಲ್ಲಿ ಹೆಸರು ಬಂದರೆ ಇದ್ದ ಕಡೆಯೇ ಸಂಬಳ ಜಾಸ್ತಿಯಾಗುವ ಸಂಭವ ಇರುತ್ತೆ ಅಲ್ವಾ? ಡ್ರೂ ಬರಲ್ಲ ಅಂದರು. ಹರ್ಲಿಯೂ ಬರಲಿಲ್ಲ. ಅದೇ ಜೂನ್‌ನಲ್ಲಿ ಎನ್‌ಬಿಎ ತಂಡ ಲಾಸ್ ಏಂಜಲಿಸ್ ಲೇಕರ್ಸ್ ಕರೆದಾಗಲೂ ಅವರು ಕದಲಲಿಲ್ಲ. ಅಂಥವರು ಕೆಂಟಕಿಗೆ ಬರುತ್ತಾರೆ ಅಂತ ಕನಸು ಕಂಡಿದ್ದೇ ವೇಸ್ಟು.

ಕೊನೆಗೆ ಬಂದದ್ದು ಮಾರ್ಕ್ ಪೋಪ್, 1996ರಲ್ಲಿ ಕಪ್ ಗೆದ್ದ ಕೆಂಟಕಿ ತಂಡದ ಕ್ಯಾಪ್ಟನ್. ಎನ್‌ಬಿಎಯಲ್ಲಿ ಆಡಿದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಓದೋಕೆ ಸೇರಿ, ಅದನ್ನು ಅರ್ಧಕ್ಕೆ ಬಿಟ್ಟು ಕೋಚಿಂಗ್‌ಗೆ ಬಂದ ಆಸಾಮಿ. (ನಮ್ಮಲ್ಲಿ ಯಾವ ಮನೆಯಲ್ಲಿ ಒಪ್ಪುತ್ತಿದ್ದರು ಹೇಳಿ!) ಹೆಡ್ ಕೋಚ್ ಆಗಿ ಎನ್‌ಸಿಎಎ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಅಭಿಮಾನಿಗಳಿಗೆ ಮೊದಲು ಬಂದದ್ದು ಸಿಟ್ಟೇ. ಆದರೆ ಎರಡು ದಿನ ಬಿಟ್ಟು ಅವರನ್ನು ಪರಿಚಯಿಸುವ ಕಾರ್ಯಕ್ರಮಕ್ಕೆ ಕೆಂಟಕಿ ತಂಡ ಆಡುವ ಅಂಗಳ ರಪ್ ಅರೀನಾ ತುಂಬಿಹೋಯಿತು. ಹೊರಗಿನಿಂದ ಬಂದ ಯಾರಿಗೆ ಹಾಗೆ ಜನ ಸೇರುತ್ತಿದ್ದರು?

ಹಿಂದಿನ ಸೀಸನ್‌ನ ಸ್ಕಾಲರ್‌ಶಿಪ್ ಆಟಗಾರರು ಒಬ್ಬರೂ ಉಳಿಯಲಿಲ್ಲ. ಟ್ರಾನ್ಸ್‌ಫರ್ ಪೋರ್ಟಲ್‌ನಿಂದ, ಅಂದರೆ ಬೇರೆ ಕಾಲೇಜು ಬಿಟ್ಟು ಬರುವ ಹುಡುಗರಿಂದ, ಪೋಪ್ ತಂಡ ಕಟ್ಟಿದರು. ನವೆಂಬರ್‌ನಲ್ಲೇ ಡ್ಯೂಕ್ ವಿರುದ್ಧ 77-72ರ ಗೆಲುವು. ಸೀಸನ್ ಮುಗಿದದ್ದು ಟೂರ್ನಿಯ ಕೊನೆಯ 16ರಲ್ಲಿ.

ನನ್ನ ವಾದ ಇಲ್ಲೇ ಇದೆ. ಈಗ ಹುಡುಗರು ಒಂದು ವರ್ಷ ಇಲ್ಲಿ, ಮರುವರ್ಷ ಇನ್ನೆಲ್ಲೋ. ಅವರಿಗೆ ದುಡ್ಡು ಕೊಡಿಸೋದರಲ್ಲಿ ಕಾಲೇಜಿನ ಶ್ರೀಮಂತ ಹಳೇ ವಿದ್ಯಾರ್ಥಿಗಳ ಪಾಲೂ ಇದೆ. ಆಟಗಾರರು ಬದಲಾಗುವ ಕಾಲದಲ್ಲಿ ಜರ್ಸಿಯ ಮೇಲಿನ ಹೆಸರಿಗೆ ಅಂಟಿಕೊಂಡವನು ಒಬ್ಬನಾದರೂ ಬೇಕು. ನಾರ್ತ್ ಕ್ಯಾರೊಲಿನಾಗೆ 2003ರಲ್ಲಿ ವಾಪಸ್ ಬಂದ ರಾಯ್ ವಿಲಿಯಮ್ಸ್ ಅಲ್ಲೇ ಓದಿದವರು. 3 ಕಪ್ ಗೆದ್ದರು, ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದರು. ಡ್ಯೂಕ್‌ನಲ್ಲಿ 2010ರ ಕಪ್ ಗೆದ್ದ ತಂಡದ ಜಾನ್ ಶೈಯರ್ 2022ರಲ್ಲಿ ಕುರ್ಚಿ ಏರಿ, 2025ಕ್ಕೆ ಫೈನಲ್ ಫೋರ್, ಅಂದರೆ ಟೂರ್ನಿಯ ಕೊನೆಯ ನಾಲ್ಕು, ಮುಟ್ಟಿಸಿದರು.

ವಿರೋಧ: ಕಪ್ ತಂದವರು ಹೊರಗಿನವರು

ಕೆಂಟಕಿಯ ಕಥೆ ಕೇಳೋಕೆ ಚೆನ್ನಾಗಿದೆ. ಅದೇ ಕೆಂಟಕಿಯ 8 ಕಪ್‌ಗಳ ಲೆಕ್ಕವನ್ನೂ ಹಾಕೋಣ. 4 ಕಪ್ ಗೆದ್ದ ಅಡಾಲ್ಫ್ ರಪ್ ಓದಿ ಆಡಿದ್ದು ಕ್ಯಾನ್ಸಸ್‌ನಲ್ಲಿ. ಪೋಪ್‌ಗೆ ಕಪ್ ಗೆದ್ದುಕೊಟ್ಟ ರಿಕ್ ಪಿಟಿನೊ ಹೊರಗಿನವರು. ಟಬ್ಬಿ ಸ್ಮಿತ್, ಕ್ಯಾಲಿಪರಿ ಕೂಡ ಹೊರಗಿನವರೇ. ಉಳಿದ ಒಂದು ಕಪ್, 1978ರದ್ದು, ಅಲ್ಲಿಯ ಹಳೇ ವಿದ್ಯಾರ್ಥಿ ಜೋ ಬಿ. ಹಾಲ್ ಅವರದು. ಅವರೂ ರಪ್ ಕೈಕೆಳಗೆ ವರ್ಷಗಟ್ಟಲೆ ಅಸಿಸ್ಟೆಂಟ್ ಆಗಿ ದುಡಿದವರು. ಡ್ಯೂಕ್‌ಗೆ 5 ಕಪ್ ತಂದ ಮೈಕ್ ಶಶೆವ್‌ಸ್ಕಿ ಆಡಿದ್ದು ಆರ್ಮಿ ತಂಡಕ್ಕೆ. ಇಂಡಿಯಾನಾಗೆ 3 ತಂದ ಬಾಬ್ ನೈಟ್ ಆಡಿದ್ದು ಒಹಾಯೊ ಸ್ಟೇಟ್‌ಗೆ. ಈಗ ನಾವು 'ನಮ್ಮ ಪರಂಪರೆ' ಅನ್ನೋದನ್ನೆಲ್ಲ ಕಟ್ಟಿದ್ದೇ ಇವರು.

ಇನ್ನು ಪ್ಯಾಟ್ರಿಕ್ ಯೂಯಿಂಗ್. 1984ರಲ್ಲಿ ಜಾರ್ಜ್‌ಟೌನ್‌ಗೆ ಕಪ್ ಗೆದ್ದುಕೊಟ್ಟ ಆಟಗಾರ, ಆ ಕಾಲೇಜಿನ ದೊಡ್ಡ ಹೆಸರು. 2017ರಲ್ಲಿ ಕೋಚ್ ಆಗಿ ಕರೆತಂದರು. ಎನ್‌ಬಿಎಯಲ್ಲಿ ಬಹಳ ವರ್ಷ ಅಸಿಸ್ಟೆಂಟ್ ಆಗಿದ್ದವರು, ಆಟ ಗೊತ್ತಿಲ್ಲದವರೇನಲ್ಲ. ಆದರೆ ಎನ್‌ಬಿಎ ಕೋಚ್‌ಗೆ ಆಟಗಾರರನ್ನು ತಂದುಕೊಡೋದು ತಂಡದ ಆಡಳಿತ. ಕಾಲೇಜಿನಲ್ಲಿ ಹದಿನೇಳರ ಹುಡುಗನ ಮನೆಗೆ ಹೋಗಿ, ತಾಯಿಯನ್ನು ಒಪ್ಪಿಸಿ, ಮರುವರ್ಷ ಅವನು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಬೇಕು. ಅದು ಬೇರೆಯದೇ ಕೆಲಸ. 2021ರಲ್ಲಿ ಯೂಯಿಂಗ್ ಜಾರ್ಜ್‌ಟೌನ್ ಆಡುವ ಲೀಗ್ ಆದ ಬಿಗ್ ಈಸ್ಟ್‌ನ ಟೂರ್ನಿ ಗೆದ್ದರು, ನಿಜ. ಮರು ಸೀಸನ್‌ನಲ್ಲಿ ಬಿಗ್ ಈಸ್ಟ್‌ನ 19 ಲೀಗ್ ಪಂದ್ಯಗಳಲ್ಲಿ 19ನ್ನೂ ಸೋತರು.

ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಹೋಗುತ್ತಿದ್ದರು. ಯೂಯಿಂಗ್ ಅವರನ್ನು ಕಳಿಸೋಕೆ ಯಾರಿಗೂ ಮನಸ್ಸು ಬರಲಿಲ್ಲ. ಇನ್ನೊಂದು ವರ್ಷ ಉಳಿಸಿಕೊಂಡರು, ಮತ್ತೆ 7 ಗೆಲುವು, 25 ಸೋಲು. 2023ರ ಮಾರ್ಚ್‌ನಲ್ಲಿ ಹೊರಕಳಿಸುವ ಹೊತ್ತಿಗೆ ಒಟ್ಟು ಲೆಕ್ಕ 75 ಗೆಲುವು, 109 ಸೋಲು. ಹಳೇ ಹೀರೋನನ್ನು ಕರೆತರೋದು ಸುಲಭ, ಕಳಿಸೋದು ಕಷ್ಟ. ಪಟ್ಟಿ ಮಾಡುವವರು ಈ ಎರಡನೇ ಭಾಗವನ್ನು ಯೋಚನೆ ಮಾಡೋದೇ ಇಲ್ಲ. ಸೇಂಟ್ ಜಾನ್ಸ್‌ನಲ್ಲಿ ಕ್ರಿಸ್ ಮಲಿನ್ ಕಥೆಯೂ ಹೆಚ್ಚುಕಮ್ಮಿ ಹೀಗೆಯೇ. ಮೊದಲು ಎಲ್ಲೂ ಕೋಚ್ ಆಗಿರಲಿಲ್ಲ, 4 ಸೀಸನ್‌ನಲ್ಲಿ 59 ಗೆಲುವು, 73 ಸೋಲು. ಅಲ್ಲಿ ಆಡಿರದ ಪಿಟಿನೊ 2023ರಲ್ಲಿ ಬಂದು, ಎರಡನೇ ಸೀಸನ್‌ನಲ್ಲೇ ಬಿಗ್ ಈಸ್ಟ್ ಗೆಲ್ಲಿಸಿದರು.

ಶೈಯರ್, ವಿಲಿಯಮ್ಸ್ ಉದಾಹರಣೆ ಕೊಟ್ಟಿದ್ದೀರಿ. ಶೈಯರ್ ಕುರ್ಚಿಗೆ ಬಂದದ್ದು ವರ್ಷಗಟ್ಟಲೆ ಶಶೆವ್‌ಸ್ಕಿ ಪಕ್ಕದಲ್ಲಿ ಅಸಿಸ್ಟೆಂಟ್ ಆಗಿ ಕೂತ ಮೇಲೆ. ವಿಲಿಯಮ್ಸ್ ಅದಕ್ಕೂ ಮೊದಲು ಕ್ಯಾನ್ಸಸ್‌ನಲ್ಲಿ 15 ಸೀಸನ್ ಹೆಡ್ ಕೋಚ್ ಆಗಿದ್ದವರು. ಅವರನ್ನು ಗೆಲ್ಲಿಸಿದ್ದು ಕಾಲೇಜು ಕೋಚಿಂಗ್ ಅನುಭವವೋ, ಹಳೇ ಜರ್ಸಿಯೋ? ಪೋಪ್ ಬಗ್ಗೆಯೂ ಇದೇ ಮಾತು. ಒಂಬತ್ತು ಸೀಸನ್ ಯೂಟಾ ವ್ಯಾಲಿ, ಬಿವೈಯು ಕಾಲೇಜುಗಳಲ್ಲಿ ಹೆಡ್ ಕೋಚ್ ಆಗಿ ಪಳಗಿದ್ದರು.

ಮಿಶಿಗನ್ ಕೂಡ 2019ರಲ್ಲಿ ತನ್ನ ಹಳೇ ಆಟಗಾರ ಜುವಾನ್ ಹೋವರ್ಡ್ ಅವರನ್ನು ತಂದಿತ್ತು. ಮೊದಲು ಚೆನ್ನಾಗೇ ನಡೆಯಿತು. 2024ಕ್ಕೆ 8 ಗೆಲುವು, 24 ಸೋಲು, ಹೋವರ್ಡ್ ಹೊರಗೆ. ಆಮೇಲೆ ಬಂದವರು ಡಸ್ಟಿ ಮೇ, ಫ್ಲೋರಿಡಾ ಅಟ್ಲಾಂಟಿಕ್ ಎಂಬ ಸಣ್ಣ ತಂಡವನ್ನು ಫೈನಲ್ ಫೋರ್‌ಗೆ ಒಯ್ದವರು. ಮಿಶಿಗನ್‌ನಲ್ಲಿ ಮೊದಲ ವರ್ಷವೇ ಬಿಗ್ ಟೆನ್ ಲೀಗ್‌ನ ಟೂರ್ನಿ ಗೆದ್ದರು. ಈ ಡಸ್ಟಿ ಮೇ ಓದಿದ್ದು ಇಂಡಿಯಾನಾದಲ್ಲಿ, ನೈಟ್ ತಂಡಕ್ಕೆ ಸ್ಟೂಡೆಂಟ್ ಮ್ಯಾನೇಜರ್ ಆಗಿದ್ದವರು.

2025ರಲ್ಲಿ ಇಂಡಿಯಾನಾ ಕುರ್ಚಿ ಖಾಲಿಯಾಗುವುದು ಖಚಿತವಾಯಿತು. ಅಲ್ಲಿದ್ದವರು ಮೈಕ್ ವುಡ್ಸನ್, ಅವರೂ ನೈಟ್ ಕೈಕೆಳಗೆ ಆಡಿದ ಹಳೇ ಹುಡುಗನೇ. ಪಟ್ಟಿಗಳಲ್ಲಿ ಡಸ್ಟಿ ಮೇ ಹೆಸರು ಮೇಲೆಯೇ ಇತ್ತು. ಬೇಕು ಅಂತ ತಾನಾಗಿ ಬರುವವನು ಅಂದರೆ ಅವರೇ ಆಗಬೇಕಿತ್ತಲ್ಲ? ಅವರು ಅದೇ ಫೆಬ್ರವರಿಯಲ್ಲಿ ಮಿಶಿಗನ್ ಜೊತೆ ಹೊಸ ಒಪ್ಪಂದಕ್ಕೆ ಒಪ್ಪಿಕೊಂಡರು. ಇಂಡಿಯಾನಾ ಕೊನೆಗೆ ವೆಸ್ಟ್ ವರ್ಜೀನಿಯಾದಿಂದ ಡೇರಿಯನ್ ಡಿವ್ರೀಸ್ ಅವರನ್ನು ಕರೆತಂದಿತು.