ಮಾಲೂರಿನ ಕೂಸು, ತುಮಕೂರಿನ ಕೂಸು

ಊರು ದೊಡ್ಡದಾದಷ್ಟೂ ಕೂಸುಗಳಿಗೆ ಕ್ಷೇಮ ಅನ್ನೋರು ತೋರಿಸೋ ಅಂಕಿ ಸುಳ್ಳಲ್ಲ. ಜನನ-ಮರಣದ ಮಾದರಿ ಸಮೀಕ್ಷೆಯಾದ ಎಸ್‌ಆರ್‌ಎಸ್‌ನ 2020ರ ಲೆಕ್ಕದಲ್ಲಿ ದೇಶದ ಹಳ್ಳಿಗಳಲ್ಲಿ ಜೀವಂತ ಹುಟ್ಟಿದ ಸಾವಿರ ಮಕ್ಕಳಲ್ಲಿ 31 ಮಕ್ಕಳು ವರ್ಷ ತುಂಬೋ ಮೊದಲೇ ತೀರಿಕೊಂಡಿದ್ದರೆ, ನಗರಗಳಲ್ಲಿ 19. ನನ್ನ ತಕರಾರು 'ನಗರ' ಅನ್ನೋ ಆ ಒಂದು ಕಾಲಂ ಬಗ್ಗೆ. ಅದರಲ್ಲಿ ಬೆಂಗಳೂರೂ ಇದೆ, ಬಾಗೇಪಲ್ಲಿಯೂ ಇದೆ. 2011ರ ಗಣತಿಯಲ್ಲಿ ಮೂರು ಲಕ್ಷ ಮುಟ್ಟಿದ್ದ ತುಮಕೂರು, 1.38 ಲಕ್ಷದ ಕೋಲಾರ, ಸುಮಾರು 40 ಸಾವಿರದ ಮಾಲೂರು ಎಲ್ಲವೂ ಒಂದೇ ಸರಾಸರಿಯಲ್ಲಿ ಕರಗಿಹೋಗಿವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಅನ್ನೋ ನಮ್ಮ ಮೂರು ಜಿಲ್ಲೆಗಳಲ್ಲಿ ಮೊದಲು ನೋಡಬೇಕಾದ್ದು ಮಾಲೂರು, ಬಂಗಾರಪೇಟೆ, ಗೌರಿಬಿದನೂರು, ಶಿಡ್ಲಘಟ್ಟ, ಶಿರಾದಂಥ ನಡುವಿನ ಊರುಗಳನ್ನ. ಹಳ್ಳಿಯ ಅನುಕೂಲ ಬಿಟ್ಟುಹೋಗಿದೆ, ಸಿಟಿಯ ಅನುಕೂಲ ಇನ್ನೂ ಬಂದಿಲ್ಲ.

ಕೂಸಿನ ಮೊದಲ ವರ್ಷವನ್ನ ಎರಡು ಭಾಗ ಮಾಡಿ ನೋಡಿದರೆ ಇದು ಬಿಡಿಸಿಕೊಳ್ಳುತ್ತೆ. ಅದೇ 2020ರಲ್ಲಿ ದೇಶದ ಒಟ್ಟು ಶಿಶುಮರಣ ಸಾವಿರಕ್ಕೆ 28. ಅದರಲ್ಲಿ 20 ಸಾವು ಮೊದಲ 28 ದಿನಗಳೊಳಗೇ ಆದವು. ಈ ಅವಧಿಯಲ್ಲಿ ಜೀವ ಹೋಗೋದು ಮುಖ್ಯವಾಗಿ ತಿಂಗಳು ತುಂಬದೆ ಹುಟ್ಟೋದರಿಂದ, ಹುಟ್ಟಿದ ತಕ್ಷಣ ಉಸಿರಾಡದೆ ಇರೋದರಿಂದ, ನಂಜಿನಿಂದ. ಇಲ್ಲಿ ಊರಿನ ಗಾತ್ರ ನಿಜಕ್ಕೂ ಕೆಲಸ ಮಾಡುತ್ತೆ. 1,800 ಗ್ರಾಂಗಿಂತ ಕಡಿಮೆ ತೂಕದ ಕೂಸಿಗೆ ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಬೇಕು. ತುಮಕೂರು ಪೇಟೆಯ ಕೂಸಿಗೆ ಅದು ಆಟೋ ದೂರ. ಪಾವಗಡದ ಕೂಸಿಗೆ ನೂರು ಕಿಲೋಮೀಟರಿನ ಆಸುಪಾಸು.

ದೂರಕ್ಕಿಂತ ಕೆಟ್ಟದ್ದು ದಾರಿಯಲ್ಲಿ ಆಗೋ ತಂಡಿ. ಸಣ್ಣ ಕೂಸಿನ ಮೈಬಿಸಿ 36.5 ಡಿಗ್ರಿಗಿಂತ ಕೆಳಗಿಳಿದರೆ ರಕ್ತದ ಸಕ್ಕರೆ ಇಳಿಯುತ್ತೆ, ಉಸಿರು ಕೆಡುತ್ತೆ. ಎಸ್‌ಎನ್‌ಸಿಯು ತಲುಪೋ ಹೊತ್ತಿಗೆ ಅರ್ಧ ಯುದ್ಧ ಸೋತಿರುತ್ತೆ. ಹಾಗಾಗದಂತೆ ನೋಡಿಕೊಳ್ಳೋಕೆ ಯಂತ್ರ ಬೇಕಿಲ್ಲ. ಒದ್ದೆ ಬಟ್ಟೆ ತೆಗೆದು, ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಬರಿ ಎದೆಗೆ ಕೂಸನ್ನ ಒತ್ತಿ, ಮೇಲೆ ಸೆರಗೋ ಶಾಲೋ ಬಿಗಿದು ಕಟ್ಟಬೇಕು. ತಾಯಿಯ ಸ್ಥಿತಿ ಪ್ರಯಾಣಕ್ಕೆ ಆಗದಿದ್ದರೆ ಅಜ್ಜಿಯ ಎದೆಯೂ ಆಗುತ್ತೆ, ಅಪ್ಪನದ್ದೂ ಆಗುತ್ತೆ. ತಾಯಿಯನ್ನ ವಾರ್ಡಿನಲ್ಲೇ ಬಿಟ್ಟು ಕೂಸನ್ನ ಟವೆಲ್‌ನಲ್ಲಿ ಸುತ್ತಿ 108ಕ್ಕೆ ಹತ್ತಿಸೋದು ಇನ್ನೂ ನಿಂತಿಲ್ಲ ಅನ್ನೋದೇ ಬೇಸರ.

28 ದಿನ ದಾಟಿದ ಮೇಲೆ ಆಟ ಬದಲಾಗುತ್ತೆ. ಈಗ ಕೂಸನ್ನ ಕಾಯೋದು ಅಥವಾ ಕಾಡೋದು ನೀರು, ಹೊಗೆ, ಇಕ್ಕಟ್ಟು. ಇಲ್ಲಿ ನಡುವಿನ ಊರು ಸೋಲುತ್ತೆ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ನಲ್ಲಿ ವಾರಕ್ಕೊಮ್ಮೆ ಬರೋ ಬೀದಿಯಲ್ಲಿ ಉಳಿದ ದಿನ ಪೈಪು ಖಾಲಿ ಇರುತ್ತೆ. ಒತ್ತಡ ಇಲ್ಲದ ಪೈಪು ತನ್ನ ಬಿರುಕುಗಳಿಂದ ಸುತ್ತಲಿನ ಕೊಚ್ಚೆಯನ್ನ ಒಳಗೆ ಎಳೆದುಕೊಳ್ಳುತ್ತೆ, ಮನೆ ಕನೆಕ್ಷನ್ ಪೈಪು ಚರಂಡಿಯೊಳಗೇ ಹಾದುಹೋಗಿದ್ದರಂತೂ ಕೇಳೋದೇ ಬೇಡ. ವಾಲ್ವ್ ತಿರುಗಿಸಿದ ಮೇಲೆ ಮೊದಲು ಬರೋ ನೀರಲ್ಲಿ ಇದೆಲ್ಲ ಇರುತ್ತೆ. ಅದನ್ನ ಪಾತ್ರೆ-ನೆಲ ತೊಳೆಯೋಕೆ ಬಿಟ್ಟು, ತಿಳಿಯಾದ ಮೇಲೆ ಹಿಡಿಯಬೇಕು. ಆಮೇಲೆ ಆ ನೀರು ಸಂಪಿನಲ್ಲಿ, ಡ್ರಮ್ಮಿನಲ್ಲಿ ವಾರ ಕೂರುತ್ತೆ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರೋವರೆಗೆ ಬೇಕಾದ್ದೂ ಹೆಚ್ಚುಕಡಿಮೆ ಅಷ್ಟೇ ದಿನ.

ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕೋ ಅಳತೆ ಸಾವಿರ ಲೀಟರಿಗೆ 2.5 ಗ್ರಾಂ. ಪುಡಿಯನ್ನ ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಡಬೇಕು. ಬಾಯಿ ಬಿಚ್ಚಿಟ್ಟ ಹಳೇ ಚೀಲದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ, ಅದನ್ನ ಎಷ್ಟು ಹಾಕಿದರೂ ಸುಣ್ಣದ ನೀರಷ್ಟೇ. ಪುರಸಭೆಯವರು ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಪರೀಕ್ಷೆ ಮಾಡಿ ರಿಜಿಸ್ಟರಿನಲ್ಲಿ ಸರಿ ಅಂತ ಬರೆದರೆ ಸಾಲದು. ಲೈನಿನ ಕೊಟ್ಟಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರಿನ್ ಅಳೆಯೋ ಕ್ಲೋರೋಸ್ಕೋಪ್‌ನಲ್ಲಿ ನಿಮಿಷದ ಕೆಲಸ ಅದು.

ಬೋರ್‌ವೆಲ್ ನೀರಿನ ಕಥೆ ಬೇರೆ. ಕೋಲಾರ, ಚಿಕ್ಕಬಳ್ಳಾಪುರದ ಫ್ಲೋರೈಡ್ ಬಗ್ಗೆ ಎಲ್ಲರಿಗೂ ಗೊತ್ತು, ನೈಟ್ರೇಟ್ ಬಗ್ಗೆ ಮಾತು ಕಮ್ಮಿ. ಯುಜಿಡಿ (ಒಳಚರಂಡಿ) ಇಲ್ಲದ ಬಡಾವಣೆಯಲ್ಲಿ 30x40 ಸೈಟಿಗೊಂದು ಕಕ್ಕಸಿನ ಪಿಟ್ಟು, ಅದರ ಪಕ್ಕದಲ್ಲೇ ಬೋರು. ಪಿಟ್ಟಿನಿಂದ ಇಂಗಿದ್ದು ನೈಟ್ರೇಟ್ ಆಗಿ ಬೋರಿಗೆ ಬರುತ್ತೆ. ಕುಡಿಯೋ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ದೊಡ್ಡವರು ತಡಕೊಳ್ತಾರೆ. ಆರು ತಿಂಗಳೊಳಗಿನ ಬಾಟಲಿ ಹಾಲಿನ ಕೂಸಿಗೆ ಇದರಿಂದ ರಕ್ತ ಆಮ್ಲಜನಕ ಹೊರೋ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಜನ ಜಾಗ್ರತೆ ಅಂತ ನೀರನ್ನ ಚೆನ್ನಾಗಿ ಕುದಿಸ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಮತ್ತು ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಪುಡಿ ಹಾಲು ಕೊಡಲೇಬೇಕಾದರೆ ಆರ್‌ಓ ಘಟಕದ ನೀರನ್ನ ಕುದಿಸಿ ಆರಿಸಿ ಬಳಸಬೇಕು. ಎದೆಹಾಲು ಕುಡಿಯೋ ಕೂಸಿಗೆ ಆರು ತಿಂಗಳವರೆಗೆ ಕೋಲಾರದ ಏಪ್ರಿಲ್ ಬಿಸಿಲಲ್ಲೂ ಒಂದು ಚಮಚ ನೀರು ಬೇಡ. ಬಜೆ ತೇಯ್ದು ನೆಕ್ಕಿಸೋ ಅಜ್ಜಿಯರು ಬೈದರೂ ಇದನ್ನ ಹೇಳಲೇಬೇಕು.

ಭೇದಿ ಹತ್ತಿದರೆ ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಲೋಟಕ್ಕೆ ಚಿಟಿಕೆ ಹಾಕಿದರೆ ಉಪ್ಪಿನ ಅಳತೆ ಕೆಡುತ್ತೆ. ಜೊತೆಗೆ ಜಿಂಕ್, ಎರಡರಿಂದ ಆರು ತಿಂಗಳಿನವರೆಗೆ ದಿನಕ್ಕೆ 10 ಮಿಲಿಗ್ರಾಂ, ಆಮೇಲೆ 20, ಭೇದಿ ನಿಂತರೂ 14 ದಿನ ಪೂರ್ತಿ. ಎದೆಹಾಲು ನಿಲ್ಲಿಸಬಾರದು.

ಹೊಗೆಗೆ ಬರೋಣ. ಗ್ಯಾಸ್ ಬಂದಿದೆ, ಆದರೆ ಬಚ್ಚಲ ಹಂಡೆ ಒಲೆ ಸೌದೆಯಲ್ಲೇ ಉರಿಯುತ್ತೆ, ಬಾಣಂತಿ ಸ್ನಾನಕ್ಕಂತೂ ಜೋರಾಗಿಯೇ. ಮೇಲೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ. ಶಿಡ್ಲಘಟ್ಟದಲ್ಲಿ ಮನೆಗೇ ಅಂಟಿಕೊಂಡ ರೀಲಿಂಗ್ ಘಟಕದ ಒಲೆ ಇದ್ದರೆ ಹಬೆಯೂ ಸೇರಿತು. ಮಾಲೂರು, ನರಸಾಪುರದ ಕಾರ್ಖಾನೆ ಸುತ್ತ ಹತ್ತಡಿ ರೂಮಿನಲ್ಲಿ ಐದಾರು ಜನ ಮಲಗುವಾಗ ಒಬ್ಬರ ಕೆಮ್ಮು ರಾತ್ರಿಯೊಳಗೆ ಕೂಸಿಗೆ ಬರುತ್ತೆ. ಕೂಸು ಸುಮ್ಮನಿರುವಾಗ ಪೂರಾ ಒಂದು ನಿಮಿಷ ಉಸಿರು ಎಣಿಸಿ: ಎರಡು ತಿಂಗಳೊಳಗಿದ್ದರೆ 60, ಆಮೇಲೆ ವರ್ಷದವರೆಗೆ 50 ಮುಟ್ಟಿದರೆ ಅಥವಾ ಪಕ್ಕೆ ಒಳಗೆ ಸೆಳೀತಿದ್ದರೆ ಮೆಡಿಕಲ್ ಸ್ಟೋರಿನ ಸಿರಪ್ ಬೇಡ, ನೇರ ಆಸ್ಪತ್ರೆ.

ಇನ್ನು ತವರಿನ ವಿಚಾರ. ಆಸ್ಪತ್ರೆ ಹೆರಿಗೆಯಾದ ಕೂಸನ್ನ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ನೋಡಬೇಕು. ಹೆಸರು ಬರೆಸಿದ್ದು ಗಂಡನ ಊರಲ್ಲಿ, ಹೆರಿಗೆ ತಾಲೂಕು ಕೇಂದ್ರದಲ್ಲಿ, ಬಾಣಂತನ ತವರಲ್ಲಿ. ಎರಡೂ ಊರಿನ ಆಶಾ ಇನ್ನೊಬ್ಬರು ನೋಡ್ತಿದ್ದಾರೆ ಅಂದುಕೊಳ್ತಾರೆ. ಆರು ವಾರದ ಲಸಿಕೆ ತವರಲ್ಲಾದರೆ, ಹದಿನಾಲ್ಕು ವಾರದ್ದು ಬಾಣಂತಿ ವಾಪಸ್ ಹೊರಡೋ ಗಡಿಬಿಡಿಯಲ್ಲಿ ತಪ್ಪುತ್ತೆ. ತಾಯಿ ಕಾರ್ಡಿನ ನಂಬರನ್ನ ತವರಿನ ಆಶಾಗೆ ಫೋನಿನಲ್ಲಿ ಕಳಿಸಿದರೆ ಇದು ಮುಗಿಯೋ ಸಮಸ್ಯೆ.

ಇಷ್ಟೆಲ್ಲಾ ನಡುವಿನ ಊರಲ್ಲೇ ಯಾಕೆ ಹೆಚ್ಚು? ಸೌಲಭ್ಯಗಳನ್ನ ತಲೆ ಎಣಿಸಿ ಹಂಚೋದರಿಂದ. 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ 50 ಸಾವಿರ ದಾಟಿದ ಊರಿಗೆ, ಜಿಲ್ಲಾ ಕೇಂದ್ರವಾದರೆ 30 ಸಾವಿರ ದಾಟಿದ್ದಕ್ಕೆ. ಅಂದರೆ 40 ಸಾವಿರದ ಮಾಲೂರು ಹೊರಗೆ. ಎಣಿಕೆಯೋ 2011ರದ್ದು; ಆಮೇಲೆ ಕಾರ್ಖಾನೆಗೆ ಬಂದವರು ಅದರಲ್ಲಿ ಇಲ್ಲ. 2022ರ ಕೊನೆಯಲ್ಲಿ ಶುರುವಾದ ಸರ್ಕಾರದ 'ನಮ್ಮ ಕ್ಲಿನಿಕ್'ಗಳು ಕೆಮ್ಮು-ಜ್ವರಕ್ಕೆ ಉಪಯೋಗ ಸರಿ, ಮನೆಮನೆ ತಿರುಗೋ ಕೆಲಸ ಅವುಗಳಿಂದ ಆಗಲ್ಲ.

ಸಾವಿನ ಲೆಕ್ಕವೂ ಊರಿಗೆ ಕಾಣಲ್ಲ. 1969ರ ಕಾಯ್ದೆ ಪ್ರಕಾರ ಮರಣ ನೋಂದಣಿಯಾಗೋದು ಸಾವು ಆದ ಜಾಗದಲ್ಲಿ. ಗುಡಿಬಂಡೆಯಿಂದ ರೆಫರ್ ಆಗಿ ಬೆಂಗಳೂರಿನಲ್ಲಿ ತೀರಿಕೊಂಡ ಕೂಸು ಬೆಂಗಳೂರಿನ ರಿಜಿಸ್ಟರಿಗೆ ಹೋಗುತ್ತೆ. ಸಿಕ್ಕ ಅಂಕಿಯನ್ನೂ ಹುಷಾರಾಗಿ ಓದಬೇಕು: 40 ಸಾವಿರ ಜನರ ಊರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 640 ಹೆರಿಗೆ, ಸಾವಿರಕ್ಕೆ 20ರ ದರವಿದ್ದರೆ 13 ಸಾವು. ಏನೂ ಬದಲಾಗದಿದ್ದರೂ ಅದು ಒಂದು ವರ್ಷ 8, ಇನ್ನೊಂದು ವರ್ಷ 19 ಆಗಬಹುದು. ಒಂದೇ ವರ್ಷದ ಅಂಕಿ ಹಿಡಿದು ಬೆನ್ನು ತಟ್ಟಿಕೊಳ್ಳೋದೂ ತಪ್ಪು, ಬೈಯೋದೂ ತಪ್ಪು. ಐದು ವರ್ಷದ್ದು ಕೂಡಿಸಿ, ತಾಯಿಯ ವಾಸದ ವಾರ್ಡಿನ ಪ್ರಕಾರ ವಿಂಗಡಿಸಿ ಕೊಡಿ ಅಂತ ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಒಂದು ಅರ್ಜಿ, ಕೊನೆ ನಲ್ಲಿಯ ಕ್ಲೋರಿನ್ ರಿಜಿಸ್ಟರಿನ ನಕಲು ಕೇಳಿ ಪುರಸಭೆಗೆ ಇನ್ನೊಂದು. ಎರಡನ್ನೂ ಮಾಹಿತಿ ಹಕ್ಕಿನಲ್ಲಿ ತಲಾ ಹತ್ತು ರೂಪಾಯಿಗೆ ಕೇಳಬಹುದು. ಎರಡೂ ಪಟ್ಟಿ ಕೈಗೆ ಬಂದರೆ, ಒಂದರ ಪಕ್ಕ ಇನ್ನೊಂದನ್ನ ಇಟ್ಟು ವಾರ್ಡ್ ನಂಬರ್ ನೋಡಿ.