ವಾಲಿ ಕೇಳಿದ ಪ್ರಶ್ನೆ

ನಿನ್ನೆ ಯಾರದೋ ಪೋಸ್ಟ್ ಕೆಳಗೆ ನಲವತ್ತು ಕಾಮೆಂಟುಗಳ ಜಗಳ ಓದಿದೆ. ಒಬ್ಬರೂ ಇನ್ನೊಬ್ಬರ ಮಾತನ್ನು ಪೂರ್ತಿ ಓದಿದ ಹಾಗಿರಲಿಲ್ಲ. (ಅದರಲ್ಲಿ ಆರು ನನ್ನವೇ, ಇರಲಿ.) ಆಗ ನೆನಪಾಗಿದ್ದು ತಾಳಮದ್ದಳೆಯ, ಅಂದರೆ ಯಕ್ಷಗಾನದ ಕೂತು ಮಾತಾಡುವ ರೂಪದ, ವಾಲಿವಧೆ.

ನೋಡದವರಿಗೆ ಹೇಳುವುದಾದರೆ, ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಅದಕ್ಕೆ ಅಲ್ಲಲ್ಲೇ ಮಾತು ಕಟ್ಟುತ್ತಾರೆ. ಬಾಯಿಪಾಠದ ಡೈಲಾಗ್ ನಡೆಯಲ್ಲ. ಎದುರಿನವರ ಮಾತು ಕಿವಿಗೆ ಬೀಳದಿದ್ದರೆ ಉತ್ತರವೇ ಹುಟ್ಟಲ್ಲ. ಇವತ್ತು ರಾಮನಾದವರು ನಾಳೆ ವಾಲಿಯಾಗಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಈಗಲೂ ಆ ಮಾತು ಬಂದರೆ ಬೇಗ ಎದ್ದು ಹೋಗಲ್ಲ.

ಎದೆಗೆ ಬಾಣ ನೆಟ್ಟು ಬಿದ್ದಿರುವ ವಾಲಿ ಮೊದಲು ಬೈಯುವುದಕ್ಕಿಂತ ಜಾಸ್ತಿ ಕೇಳುತ್ತಾನೆ. ನಿನಗೂ ನನಗೂ ಏನು ದ್ವೇಷ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಲ್ಲಿ ನಿಂತು ಹೊಡೆದೆಯಲ್ಲ? ಬೇಟೆ ಅನ್ನೋಣವೆಂದರೆ ನನ್ನ ಮಾಂಸ ತಿನ್ನುವಂತಿಲ್ಲ, ಚರ್ಮ ಉಡುವಂತಿಲ್ಲ. ನೋಡಿ, ರಾಮ ಎಲ್ಲಿ ನುಸುಳಬಹುದೋ ಆ ಬಾಗಿಲನ್ನು ಇವನು ಮೊದಲೇ ಹಾಕಿಬಿಟ್ಟ. ಸೀತೆಗಾಗಿ ಅನ್ನುವುದಾದರೆ, ನನಗೇ ಹೇಳಿದ್ದರೆ ಒಂದೇ ದಿನದಲ್ಲಿ ತಂದುಕೊಡುತ್ತಿದ್ದೆ ಅಂತಾನೆ.

ರಾಮನ ಉತ್ತರವೂ ಗಟ್ಟಿಯಾಗಿಯೇ ಶುರುವಾಗುತ್ತದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಈ ನೆಲ ಇಕ್ಷ್ವಾಕುಗಳದು, ಭರತನ ಪರವಾಗಿ ದಂಡಿಸಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಅಲ್ವಾ? ಆದರೆ ಅವನು ಇನ್ನೊಂದು ಸೇರಿಸುತ್ತಾನೆ: ನೀನು ಮೃಗ, ಮೃಗವನ್ನು ಮರೆಯಿಂದ ಹೊಡೆದರೆ ತಪ್ಪಿಲ್ಲ. ಚುರುಕಾದ ಅರ್ಥಧಾರಿಗೆ ಇಷ್ಟು ಸಾಕು. ಮೃಗವಾದರೆ ನನಗ್ಯಾಕೆ ನಿನ್ನ ಧರ್ಮ? ಧರ್ಮ ನನಗೂ ಇದೆ ಅಂದರೆ ನಿನಗ್ಯಾಕೆ ಮರೆ? ಒಂದು ಬಲವಾದ ಕಾರಣದ ಪಕ್ಕ ಸುಮ್ನೆ ಒಂದು ಬಡಕಲು ಕಾರಣ ತಂದಿಟ್ಟರೆ ಎದುರಿನವರು ಹಿಡಿಯುವುದು ಆ ಬಡಕಲನ್ನೇ. ನನ್ನ ಆರು ಕಾಮೆಂಟುಗಳಲ್ಲೂ ಆಗಿದ್ದು ಇದೇ.

ಹೇಳುವವನ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನ ತರ್ಕ, ಈ ಮೂರರಿಂದ ಮನ ಒಲಿಸಬಹುದು ಅಂತ ಅರಿಸ್ಟಾಟಲ್ ಸುಮಾರು 2,300 ವರ್ಷಗಳ ಹಿಂದೆಯೇ ಹೇಳಿದ್ದ. ಇಲ್ಲಿ ರಾಮನನ್ನು ಕಾಯುವುದು ಹೆಚ್ಚಾಗಿ ಮೊದಲನೆಯದು ಅಂತ ನನಗೆ ಅನ್ನಿಸುತ್ತದೆ. ಹೇಳುತ್ತಿರುವವನು ರಾಮ, ಅಷ್ಟೇ.

ಕೊನೆಗೆ ವಾಲಿ ವಾದ ಬಿಟ್ಟು ಮಗ ಅಂಗದನನ್ನು ನೋಡಿಕೋ ಅಂತ ರಾಮನನ್ನೇ ಕೇಳಿಕೊಳ್ಳುತ್ತಾನೆ. ಆ ಜಾಗಕ್ಕೆ ಬಂದಾಗ ನಮ್ಮಜ್ಜ ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಜ್ಜ ರಾಮನ ಕಡೆಯವರು.