ಹಲ್ಲು ಕೀಳಿಸುವ ಮೊದಲು ದವಡೆಗೆ ಸ್ವಲ್ಪ ಬಿಡುವು ಕೊಡಿ

ಕಿವಿಯ ಮುಂದೆ, ಕೆನ್ನೆಯ ಹಿಂಭಾಗದಲ್ಲಿ ನೋವು ಬಂದರೆ ನಮ್ಮಲ್ಲಿ ಎರಡೇ ದಾರಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು, ಇಲ್ಲವೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ "ಈ ಹಲ್ಲೇ ಇರಬೇಕು ಸಾರ್, ತೆಗೆದುಬಿಡಿ" ಅನ್ನುವುದು. ಮಂಡಿ ನೋವು, ಸೊಂಟ ನೋವು ಅಂದರೆ ಮನೆಮಂದಿಯೆಲ್ಲ ಸಲಹೆ ಕೊಡುತ್ತಾರೆ. ದವಡೆಗೂ ಕೀಲಿದೆ, ಅದಕ್ಕೂ ನೋವಾಗುತ್ತದೆ ಅನ್ನುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ನನ್ನ ಅತ್ತಿಗೆ ರೂಟ್ ಕೆನಾಲ್ ಮಾಡಿಸಿಕೊಂಡರು, ಕ್ಯಾಪ್ ಹಾಕಿಸಿಕೊಂಡರು, ನೋವು ಇದ್ದಲ್ಲೇ ಇತ್ತು. ಆಮೇಲೆ ಬೇರೊಬ್ಬ ವೈದ್ಯೆ ಕೆನ್ನೆಯ ಸ್ನಾಯುವನ್ನು ಬೆರಳಿನಿಂದ ಒತ್ತಿದಾಗ, "ಅಯ್ಯೋ, ಇದೇ ನೋವು!" ಅಂದರಂತೆ. ಇಂಥ ಕಥೆ ಬೇರೆ ಮನೆಗಳಲ್ಲೂ ಕೇಳಿದ್ದೇನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಸರಿದಾಡುವುದೇ ಆ ಕೀಲು. ತಲೆಬುರುಡೆಗೂ ಕೆಳದವಡೆಗೂ ನಡುವೆ ಮೆತ್ತನೆಯ ಒಂದು ಬಿಲ್ಲೆ ಇರುತ್ತದೆ. ಬಾಯಿ ಅಗಲಿಸಿದಾಗ ಕೀಲು ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ. ಬಿಲ್ಲೆ ತುಸು ಜರುಗಿದ್ದರೆ ‘ಟಕ್’ ಅನ್ನುವ ಸದ್ದು ಬರಬಹುದು. ನೋವಿಲ್ಲದೆ ಬರೀ ಸದ್ದಿದ್ದರೆ ಚಿಕಿತ್ಸೆ ಬೇಕಿಲ್ಲ, ಹೆದರಬೇಡಿ. ಬಹಳಷ್ಟು ಸಲ ನೋಯುವುದು ಕೀಲಿಗಿಂತ ಹೆಚ್ಚಾಗಿ ಅದನ್ನು ಎಳೆಯುವ ಕೆನ್ನೆಯ ಮತ್ತು ಕಣತಲೆಯ ಸ್ನಾಯುಗಳು.

ಅವು ಯಾಕೆ ದಣಿಯುತ್ತವೆ? ನಾವು ಗೊತ್ತಿಲ್ಲದೆ ಹಲ್ಲು ಕಚ್ಚಿ ಹಿಡಿದಿರುತ್ತೇವೆ. ಸುಮ್ಮನೆ ಕೂತಿರುವಾಗ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬಾರದು. ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರಬೇಕು, ನಾಲಿಗೆಯ ತುದಿ ಮುಂಬದಿಯ ಮೇಲ್ಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಬೇಕು. ಇದನ್ನು ಯಾರೂ ನಮಗೆ ಹೇಳಿಕೊಟ್ಟಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕೂತಾಗ, ಲ್ಯಾಪ್‌ಟಾಪ್ ಮುಂದೆ ತಲೆ ಬಗ್ಗಿಸಿದಾಗ, ಸಿಟ್ಟು ನುಂಗಿಕೊಂಡಾಗ ಹಲ್ಲು ಎಲ್ಲಿದೆ ಅಂತ ಗಮನಿಸಿ. ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿದಿದ್ದರೆ, ಕಣತಲೆ ನೋಯುತ್ತಿದ್ದರೆ, ನಿದ್ದೆಯಲ್ಲೂ ಕಚ್ಚುತ್ತಿರಬಹುದು.

ಮನೆಯಲ್ಲಿ ಮಾಡಬೇಕಾದ್ದು ಇಲ್ಲಿಂದಲೇ ಶುರು. ಮೊಬೈಲ್ ಹಿಂದೆ, ಅಡುಗೆಮನೆಯ ಗೋಡೆಗೆ, ಗಾಡಿಯ ಕನ್ನಡಿಗೆ ಒಂದೊಂದು ಸ್ಟಿಕ್ಕರ್ ಬಿಂದಿ ಅಂಟಿಸಿ. ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಬಿಡಿಸಿ, ಹೆಗಲು ಸಡಿಲಿಸಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ದಿನಕ್ಕೆರಡು ಸಲ 15 ನಿಮಿಷದಷ್ಟು ಕೆನ್ನೆಗೆ ಶಾಖ ಕೊಡಿ, ಚರ್ಮ ಸುಡದ ಹಾಗೆ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ವೃತ್ತಾಕಾರವಾಗಿ ತಿಕ್ಕಿ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಇಟ್ಟು ಬಾಯಿ ತೀರಾ ಅಗಲವಾಗದಂತೆ ತಡೆಯಿರಿ.

ಊಟದಲ್ಲಿ ಚಕ್ಕುಲಿ, ಕೋಡುಬಳೆ, ಕಟಕ ರೊಟ್ಟಿ, ಕಬ್ಬು, ಚ್ಯೂಯಿಂಗ್ ಗಮ್ ಕೆಲವು ವಾರ ಬೇಡ. ನಮ್ಮ ಪುಣ್ಯಕ್ಕೆ ಅಗಿಯದೆ ನುಂಗುವ ಮುದ್ದೆ ಇದೆ, ಗಂಜಿ, ಮೊಸರನ್ನ, ಇಡ್ಲಿ ಇವೆ. ದವಡೆ ಗಟ್ಟಿಯಾಗಲಿ ಅಂತ ಗಮ್ ಅಗಿಯಿರಿ ಅನ್ನುವ ವಿಡಿಯೊಗಳನ್ನು ನೋಯುವ ದವಡೆಯವರು ದಯವಿಟ್ಟು ನಂಬಬೇಡಿ, ದಣಿದ ಸ್ನಾಯುವನ್ನು ಇನ್ನಷ್ಟು ದುಡಿಸಿದ ಹಾಗಾಗುತ್ತದೆ. ನೋವಿನ ಮಾತ್ರೆ ಬೇಕಾದರೆ ಕೆಲವೇ ದಿನಕ್ಕೆ, ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ ತೆಗೆದುಕೊಳ್ಳಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು ಐಬುಪ್ರೊಫೆನ್ ತಾವಾಗಿ ನುಂಗಲೇಬಾರದು.

ಇವೆಲ್ಲ ಅಜ್ಜಿ ಮದ್ದಿನ ಮಾತಲ್ಲ. ದೀರ್ಘಕಾಲದ ದವಡೆ ಕೀಲಿನ ನೋವಿನ ಬಗ್ಗೆ 2023ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ ಒತ್ತು ಕೊಟ್ಟಿದ್ದು ವ್ಯಾಯಾಮ, ಸ್ನಾಯುವಿನ ಮಾಲೀಷು, ರೋಗಿಗೆ ವಿಷಯ ತಿಳಿಸಿ ಧೈರ್ಯ ಹೇಳುವುದು, ಒತ್ತಡ ನಿಭಾಯಿಸುವ ಮನೋಚಿಕಿತ್ಸೆ, ಇವುಗಳಿಗೆ. ಕೀಲಿನ ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆ ಬೇಡ ಅಂತ ಅದು ಸ್ಪಷ್ಟವಾಗಿ ಹೇಳಿದೆ. ಹಾಗೆಯೇ ನೋವು ಶುರುವಾದ ಕೂಡಲೇ ಒಳ್ಳೆಯ ಹಲ್ಲನ್ನು ತೇಯ್ದು, ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ ಸರಿ ಮಾಡುತ್ತೇವೆ ಅಂದರೆ ಒಪ್ಪಬೇಡಿ, ಇನ್ನೊಬ್ಬರ ಅಭಿಪ್ರಾಯ ಕೇಳಿ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಆದರೆ ಎಲ್ಲ ದವಡೆ ನೋವಿಗೂ ಶಾಖ ಕೊಡುತ್ತ ಕೂರುವಂತಿಲ್ಲ. ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ, ವಾಕರಿಕೆ ಬಂದರೆ ಅದು ಹೃದಯಾಘಾತ ಇರಬಹುದು. ಹೆಂಗಸರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆಯೂ ಹೀಗೆ ಬರುತ್ತದೆ. "ಗ್ಯಾಸ್ಟ್ರಿಕ್ ಇರಬೇಕು, ಮಜ್ಜಿಗೆ ಕುಡಿದು ಮಲಗು ಅಕ್ಕಾ" ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಗಾಯವಾದ ಮೇಲೆ ದವಡೆ ಸೆಟೆದುಕೊಂಡರೆ ಧನುರ್ವಾಯು ಇರಬಹುದು. ಮುಖ ಊದಿ ಜ್ವರ ಬಂದರೆ ಹಲ್ಲಿನ ಸೋಂಕು ಇರಬಹುದು. ತೆರೆದ ಬಾಯಿ ಮುಚ್ಚಲಾಗದೆ ಸಿಕ್ಕಿಕೊಂಡರೆ ಕೀಲು ತಪ್ಪಿದೆ. ಇವೆಲ್ಲ ಆಗಲೇ ಆಸ್ಪತ್ರೆಗೆ ಹೋಗುವಂಥವು.

ಇನ್ನೊಂದು ಮಾತನ್ನು ಅಡಿಕೆ ನಾಡಿನವರ ಬೇಸರ ಕಟ್ಟಿಕೊಂಡೇ ಹೇಳುತ್ತೇನೆ. ಅಡಿಕೆ, ಗುಟ್ಕಾ ಅಗಿಯುವ ಕೆಲವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ, ಖಾರ ತಿಂದರೆ ಉರಿದು, ಬಾಯಿ ತೆರೆಯುವುದು ದಿನೇ ದಿನೇ ಕಡಿಮೆಯಾಗುತ್ತ ಹೋಗುತ್ತದೆ. ಅದು ಕೀಲಿನ ನೋವಲ್ಲ, ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿ. ನಿಮ್ಮವೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂಬದಿಯ ಹಲ್ಲುಗಳ ನಡುವೆ ಇಟ್ಟು ನೋಡಿ. ಎರಡೇ ಹಿಡಿಸಿದರೆ ಕಾಯಬೇಡಿ. ಎರಡು ಮೂರು ವಾರ ಮನೆಯ ಆರೈಕೆ ಮಾಡಿಯೂ ನೋವು ತಗ್ಗದವರೂ ಅಷ್ಟೇ. ಹತ್ತಿರದ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ, ಹಲ್ಲು ಕೀಳುವ ವಿಭಾಗದ ಸಾಲಿನಲ್ಲಿ ನಿಲ್ಲದೆ, ಬಾಯಿ, ದವಡೆಯ ಕಾಯಿಲೆಗಳನ್ನು ಪತ್ತೆಹಚ್ಚುವ ಓರಲ್ ಮೆಡಿಸಿನ್ ವಿಭಾಗ ಎಲ್ಲಿದೆ ಅಂತ ಮೊದಲು ಕೇಳಿ.